ತೆರೆದ ಬಾಗಿಲಿನ ಫಲಕ
(ಕಾರ್ಮಿಕರ ಮತ್ತು ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



‘ಬಾಗಿಲು ತೆರೆದಿದೆ’ ಎಂದು ಫಲಕ ತೂಗುಹಾಕಿ ಒಳಗಿನಿಂದ ಚಿಲಕ ಹಾಕಿಕೊಂಡ ಅಂಗಡಿಗೆ ನೀವು ಎರಡನೆಯ ಸಲ ಹೋಗಲಾರಿರಿ. ಕಂಪ್ಯೂಟರಿನ ವ್ಯಾಪಾರದಲ್ಲಾದರೋ ಇಂಥ ಫಲಕಕ್ಕೆ ಒಳ್ಳೆಯ ಗಿರಾಕಿ ಇದೆ.

‘ಓಪನ್ ಸೋರ್ಸ್’ ಎಂಬ ಮಾತಿಗೆ ಖಚಿತವಾದ ಅರ್ಥವುಂಟು. 1998ರಲ್ಲಿ ಹುಟ್ಟಿದ ಓಪನ್ ಸೋರ್ಸ್ ಇನಿಶಿಯೇಟಿವ್ ಎಂಬ ಸಂಸ್ಥೆ ಅದನ್ನು ಬರೆದಿಟ್ಟಿದೆ. ಸಾಫ್ಟ್‌ವೇರಿನ ಮೂಲ ಬರಹ ಎಲ್ಲರಿಗೂ ಸಿಗಬೇಕು. ಬೇಕಾದವರು ತಿದ್ದಬಹುದು, ಹಂಚಬಹುದು, ಮಾರಲೂಬಹುದು. ಪಂಕ್ತಿಭೇದ ಕೂಡದು.

ಈಗ ನೋಡಿ. 2023ರ ಜುಲೈಯಲ್ಲಿ ಅಮೆರಿಕದ ಮೆಟಾ ಕಂಪೆನಿಯವರು – ಫೇಸ್‌ಬುಕ್ಕಿನ ಒಡೆಯರು ಇವರೇ – ‘ಲಾಮಾ 2’ ಎಂಬ ಕೃತಕ ಬುದ್ಧಿಯ ಯಂತ್ರವನ್ನು ಓಪನ್ ಸೋರ್ಸ್ ಎಂದು ಡಂಗುರ ಸಾರಿ ಹೊರಬಿಟ್ಟರು. ಲೈಸೆನ್ಸಿನಲ್ಲಿ ಏನಿತ್ತು? ತಿಂಗಳಿಗೆ 70 ಕೋಟಿಗೂ ಹೆಚ್ಚು ಬಳಕೆದಾರರುಳ್ಳ ಕಂಪೆನಿಗಳು ಪ್ರತ್ಯೇಕ ಅಪ್ಪಣೆ ಬೇಡಬೇಕು. ಅದು ಕೊಟ್ಟ ಉತ್ತರಗಳಿಂದ ಅಂಥದೇ ಬೇರೊಂದು ಯಂತ್ರವನ್ನು ಬೆಳೆಸಕೂಡದು. “70 ಕೋಟಿ ಗಿರಾಕಿ ನಮಗೆಲ್ಲಿ ಸ್ವಾಮಿ?” ಎಂದು ವರ್ತಕ ಮಿತ್ರರು ನಗಬಹುದು. ನಗಲಿ. 2024ರ ಸೆಪ್ಟೆಂಬರಿನಲ್ಲಿ ‘ಲಾಮಾ 3.2’ ಬಂದಾಗ, ಚಿತ್ರಗಳನ್ನೂ ಗ್ರಹಿಸಬಲ್ಲ ಮಾದರಿಗಳ ಹಕ್ಕು ಯುರೋಪಿಯನ್ ಒಕ್ಕೂಟದಲ್ಲಿ ನೆಲೆಸಿದವರಿಗಿಲ್ಲ ಎಂದು ಬರೆದರು. ಒಂದೇ ಷರತ್ತು, 27 ದೇಶಗಳು ಪಂಕ್ತಿಯಿಂದ ಹೊರಗೆ!

ಇನ್ನು, ಯಾರು ಯಾರ ಬರಹ ಉಣಿಸಿ ಆ ಯಂತ್ರಕ್ಕೆ ಕಲಿಸಿದರು? ಆ ಪಟ್ಟಿಯನ್ನು ಕೊಡಲಿಲ್ಲ. ಗಿರಣಿಯ ಮಿತ್ರರಿಗೆ ಹೇಳುವುದಾದರೆ, ಬಟ್ಟೆ ಕೊಟ್ಟರು; ಹತ್ತಿ ಯಾರ ಹೊಲದ್ದು, ಅವನಿಗೆ ಕಾಸು ಸಂದಿತೋ ಇಲ್ಲವೋ, ಅದನ್ನು ಕೇಳಬೇಡಿ.

ಬರಿಯ ಹೆಸರಿಗೆ ಇಷ್ಟೇಕೆ ಹಟ? ಹೆಸರಿಗೆ ಬೆಲೆಯಿದೆ. ಯುರೋಪಿನ 2024ರ ಕೃತಕ ಬುದ್ಧಿಯ ಕಾಯಿದೆಯಲ್ಲಿ ಮುಕ್ತ ಲೈಸೆನ್ಸಿನ ಮಾದರಿಗಳಿಗೆ ಕೆಲವು ಕಟ್ಟುಪಾಡುಗಳಿಂದ ವಿನಾಯಿತಿಯುಂಟು. ದೇಶದೇಶಗಳ ಎಂಜಿನಿಯರುಗಳ ಪುಕ್ಕಟೆ ದುಡಿಮೆಯೂ ದಕ್ಕುತ್ತದೆ. ಲಾಮಾದ ಲೈಸೆನ್ಸ್ ಓಪನ್ ಸೋರ್ಸ್ ಅಲ್ಲವೆಂದು ಆ ಸಂಸ್ಥೆ 2023ರಲ್ಲಿಯೇ ಹೇಳಿತು. ಡಂಗುರ ನಿಲ್ಲಲಿಲ್ಲ.

ನಿಜವಾಗಿ ತೆರೆದದ್ದನ್ನು ಆಮೇಲೆ ಮುಚ್ಚುವವರೂ ಉಂಟು. ಹ್ಯಾಶಿಕಾರ್ಪ್ ಕಂಪೆನಿ ತನ್ನ ‘ಟೆರಾಫಾರ್ಮ್’ ಎಂಬ ಸಾಫ್ಟ್‌ವೇರಿಗೆ 2023ರ ಆಗಸ್ಟಿನಲ್ಲಿ ಹೊಸ ಲೈಸೆನ್ಸ್ ಹೇರಿತು. ಪೈಪೋಟಿಯ ವ್ಯಾಪಾರಕ್ಕೆ ಅದನ್ನು ಬಳಸಕೂಡದೆಂದಿತು. ಆದರೆ ಅದುವರೆಗೆ ಹಂಚಿದ್ದ ಬರಹದ ಹಕ್ಕನ್ನು ಕಸಿಯಲಾಗಲಿಲ್ಲ; ಹಳೆಯ ಲೈಸೆನ್ಸ್ ಅಷ್ಟು ಗಟ್ಟಿಯಾಗಿತ್ತು. ಬಳಸುತ್ತಿದ್ದವರು ಒಟ್ಟುಗೂಡಿ ಅದೇ ಬರಹವನ್ನು ‘ಓಪನ್‌ಟೋಫು’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಸೆಪ್ಟೆಂಬರಿನಲ್ಲಿ ಅದು ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಬಂದಿತು.