ಮೂಳೆಗೆ ದಾರಿ ಬಿಡುವ ಸೂಕ್ಷ್ಮರಂಧ್ರಗಳು



ಮಣ್ಣನ್ನೂ ಅದಿರನ್ನೂ ಬೆಂಕಿಯಲ್ಲಿ ಹದಗೊಳಿಸುವ ವಿದ್ಯೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ನೆಲಕ್ಕೆ ಹೊಸದಲ್ಲ. ಹಂಪಿಯ ಅವಶೇಷಗಳಲ್ಲಿ ನೀರು ಹರಿಸಿದ ಸುಟ್ಟ ಮಣ್ಣಿನ ಕೊಳವೆಗಳು ದೊರೆತಿವೆ. ವಿರೂಪಾಕ್ಷ ದೇವಾಲಯದ ಗೋಪುರದ ಮೇಲಂತಸ್ತುಗಳು ಇಟ್ಟಿಗೆ ಗಾರೆಗಳಿಂದ ಎದ್ದು ನಿಂತಿವೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಕಬ್ಬಿಣದ ಅದಿರು ಇಂದಿಗೂ ಹಗಲಿರುಳು ಬೇಯುತ್ತಿದೆ. ಇದೇ ವಿದ್ಯೆಯ ಒಂದು ಕವಲು ಮುರಿದ ಮೂಳೆಯನ್ನು ಮತ್ತೆ ಬೆಳೆಸುವ ವೈದ್ಯಕೀಯಕ್ಕೂ ಬೇಕಾಗಿದೆ ಎಂಬುದನ್ನು ಈ ಘಟಿಕೋತ್ಸವದ ಸಂದರ್ಭದಲ್ಲಿ ವಿವೇಚಿಸುವುದು ಉಚಿತವಾಗಿದೆ.

ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಖನಿಜ. ಉಳಿದದ್ದು ಮುಖ್ಯವಾಗಿ ಕೊಲಾಜೆನ್ ಎಂಬ ನಾರುಪ್ರೋಟೀನ್ ಮತ್ತು ನೀರು. ಆ ಖನಿಜವು ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟಿಗೆ ಬಹಳ ಹತ್ತಿರದ್ದಾಗಿದ್ದು, ಶುದ್ಧ ಹೈಡ್ರಾಕ್ಸಿಅಪಟೈಟಿನಲ್ಲಿ ಕ್ಯಾಲ್ಸಿಯಂ ಮತ್ತು ರಂಜಕದ ಪರಮಾಣುಗಳು 10ಕ್ಕೆ 6ರ ಪ್ರಮಾಣದಲ್ಲಿರುತ್ತವೆ. ಸಣ್ಣ ಬಿರುಕನ್ನು ಮೂಳೆ ತಾನಾಗಿಯೇ ಕೂಡಿಸಿಕೊಳ್ಳುತ್ತದೆ. ಆದರೆ ಅಪಘಾತದಲ್ಲಿ ಮೂಳೆ ಪುಡಿಯಾದಾಗಲೋ ಗೆಡ್ಡೆಯನ್ನು ಕೆತ್ತಿ ತೆಗೆದಾಗಲೋ ಉಂಟಾಗುವ ದೊಡ್ಡ ಖಾಲಿ ಜಾಗವನ್ನು ತುಂಬಲು ರೋಗಿಯದೇ ಸೊಂಟದ ಮೂಳೆಯ ಚೂರನ್ನು ತೆಗೆದು ಕಸಿ ಮಾಡುವುದು ಹಿಂದಿನಿಂದ ಬಂದ ಕ್ರಮವಾಗಿದೆ. ಈ ಕ್ರಮದಿಂದ ರೋಗಿ ಇನ್ನೊಂದು ಗಾಯವನ್ನೂ ನೋವನ್ನೂ ಅನುಭವಿಸಬೇಕಾಗುತ್ತದೆ. ತೆಗೆಯಬಹುದಾದ ಮೂಳೆಗೂ ಮಿತಿಯಿದೆ. ಆದ್ದರಿಂದಲೇ ಕ್ಯಾಲ್ಸಿಯಂ ಫಾಸ್ಫೇಟಿನ ಪುಡಿಯನ್ನು ಅಚ್ಚಿಗೆ ಹಾಕಿ, ಹೆಚ್ಚಿನ ಶಾಖದಲ್ಲಿ ಸುಟ್ಟು ತಯಾರಿಸಿದ ಸೆರಾಮಿಕ್ ತುಣುಕುಗಳು ಶಸ್ತ್ರಚಿಕಿತ್ಸೆಯಲ್ಲಿ ಸ್ಥಾನ ಪಡೆದಿವೆ.

ಈ ತುಣುಕು ಮೂಳೆಯ ಖನಿಜವನ್ನು ಹೋತರಷ್ಟೇ ಸಾಲದು, ಅದರೊಳಗೆ ಜೀವ ಪ್ರವೇಶಿಸಲು ದಾರಿಯೂ ಇರಬೇಕು. ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಸುಮಾರು 100 ಮೈಕ್ರೊಮೀಟರಿಗಿಂತ ದೊಡ್ಡದಾದ, ಅಂದರೆ ತಲೆಗೂದಲಿನ ದಪ್ಪಕ್ಕೆ ಸಮವಾದ ಅಥವಾ ಅದನ್ನು ಮೀರಿದ ರಂಧ್ರಗಳಲ್ಲಿ ಮೂಳೆ ಕಟ್ಟುವ ಕೋಶಗಳು ನುಸುಳಿ ನೆಲೆಗೊಳ್ಳುತ್ತವೆ. ಹೊಸ ರಕ್ತನಾಳಗಳೂ ಚೆನ್ನಾಗಿ ಬೆಳೆಯಬೇಕಾದರೆ 300 ಮೈಕ್ರೊಮೀಟರಿಗಿಂತ ದೊಡ್ಡ ರಂಧ್ರಗಳು ಮೇಲೆಂಬುದು ಸಂಶೋಧಕರ ಸಾಮಾನ್ಯ ಅಭಿಪ್ರಾಯ. ಈ ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿರುವುದೂ ಅಗತ್ಯ, ಏಕೆಂದರೆ ಸುತ್ತಲೂ ಮುಚ್ಚಿದ ರಂಧ್ರ ಎಷ್ಟೇ ದೊಡ್ಡದಿದ್ದರೂ ರಕ್ತ ಅಲ್ಲಿಗೆ ತಲುಪುವುದಿಲ್ಲ. ಇನ್ನೊಂದು ಬಗೆಯವು 10 ಮೈಕ್ರೊಮೀಟರಿಗಿಂತ ಚಿಕ್ಕದಾದ ಸೂಕ್ಷ್ಮರಂಧ್ರಗಳು. ಇವುಗಳಲ್ಲಿ ಬಹುಪಾಲಿನೊಳಗೆ ಕೋಶ ಹಿಡಿಸುವುದಿಲ್ಲವಾದರೂ ರಕ್ತದ ದ್ರವವನ್ನು ಇವು ಒಳಗೆ ಎಳೆದುಕೊಳ್ಳುತ್ತವೆ, ಪ್ರೋಟೀನ್‌ಗಳು ಅಂಟಿಕೊಳ್ಳಲು ಹೆಚ್ಚಿನ ಮೇಲ್ಮೈ ಒದಗಿಸುತ್ತವೆ ಮತ್ತು ಕರಗಿದ ಕ್ಯಾಲ್ಸಿಯಂ, ಫಾಸ್ಫೇಟುಗಳು ಮರಳಿ ಮೂಳೆಯಂಥ ಖನಿಜದ ತೆಳುಪದರವಾಗಿ ಕೂಡಲು ನೆರವಾಗುತ್ತವೆ.

ಸೂಕ್ಷ್ಮರಂಧ್ರಗಳ ಮಹತ್ವವನ್ನು ಸಂಶೋಧಕಿ ಪಮೇಲಾ ಹಬಿಬೊವಿಚ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸ್ಪಷ್ಟಪಡಿಸಿದವು. ಒಂದೇ ಬಗೆಯ ಕ್ಯಾಲ್ಸಿಯಂ ಫಾಸ್ಫೇಟನ್ನು ಕಡಿಮೆ ಉಷ್ಣತೆಯಲ್ಲಿ ಸುಟ್ಟು ಸೂಕ್ಷ್ಮರಂಧ್ರಗಳನ್ನು ಉಳಿಸಿಕೊಂಡ ತುಣುಕುಗಳನ್ನೂ, ಹೆಚ್ಚಿನ ಉಷ್ಣತೆಯಲ್ಲಿ ಸುಟ್ಟು ಆ ರಂಧ್ರಗಳು ಬಹುಮಟ್ಟಿಗೆ ಮುಚ್ಚಿಹೋದ ತುಣುಕುಗಳನ್ನೂ ಆಡುಗಳ ಮಾಂಸಖಂಡದಲ್ಲಿ ಇರಿಸಿ ನೋಡಿದಾಗ, ಸಹಜವಾಗಿ ಮೂಳೆಯೇ ಬೆಳೆಯದ ಆ ಜಾಗದಲ್ಲಿಯೂ ಮೊದಲ ಬಗೆಯವು ಮೂಳೆಯನ್ನು ಹುಟ್ಟಿಸಿದವು, ಎರಡನೆಯವು ಹುಟ್ಟಿಸಲಿಲ್ಲ. ಮೂಲವಸ್ತು ಒಂದೇ ಆಗಿದ್ದರೂ ಕುಲುಮೆಯ ಉಷ್ಣತೆಯಲ್ಲಿನ ನೂರು ಡಿಗ್ರಿಯಷ್ಟು ಅಂತರ ಫಲವನ್ನು ಬದಲಿಸಿತು.

ರಂಧ್ರ ಹೆಚ್ಚಿದಷ್ಟೂ ಲಾಭವೆಂದು ತಿಳಿಯುವುದು ಮಾತ್ರ ತಪ್ಪಾದೀತು. ಸಾಂದ್ರವಾಗಿ ಸುಟ್ಟ ಹೈಡ್ರಾಕ್ಸಿಅಪಟೈಟ್ ನೂರಾರು ಮೆಗಾಪಾಸ್ಕಲ್ ಒತ್ತಡವನ್ನು ತಾಳಿಕೊಳ್ಳಬಲ್ಲದು. ಅದರ ಗಾತ್ರದ ಮುಕ್ಕಾಲು ಪಾಲು ರಂಧ್ರವೇ ಆದಾಗ ಕೆಲವೇ ಮೆಗಾಪಾಸ್ಕಲ್ ಒತ್ತಡಕ್ಕೆ ಒಡೆಯುತ್ತದೆ. ಹಾಗಾಗಿ ದೇಹದ ಭಾರ ಹೊರುವ ಜಾಗದಲ್ಲಿ ಇಂಥ ತುಣುಕಿಗೆ ಲೋಹದ ಪಟ್ಟಿಯ ಆಸರೆ ಬೇಕಾಗುತ್ತದೆ. ಬಲ ಮತ್ತು ರಂಧ್ರಗಳ ನಡುವಿನ ಈ ಸಮತೋಲವನ್ನು ಸಾಧಿಸುವುದೇ ಇಲ್ಲಿನ ನಿಜವಾದ ಎಂಜಿನಿಯರಿಂಗ್.

ಇಂಥದ್ದೇ ಸಮತೋಲವನ್ನು ಕಬ್ಬಿಣದ ಅದಿರಿನ ಉಂಡೆ ತಯಾರಿಸುವ ತೋರಣಗಲ್ಲಿನ ಪೆಲೆಟ್ ಘಟಕಗಳು ಕೈಗಾರಿಕೆಯ ಪ್ರಮಾಣದಲ್ಲಿ ದಿನವೂ ಸಾಧಿಸುತ್ತಿವೆ. ಪೆಲೆಟ್ ತಯಾರಿಕೆಯಲ್ಲಿ ಅದಿರಿನ ನುಣ್ಣನೆಯ ಪುಡಿಗೆ ಬೆಂಟೊನೈಟ್ ಜೇಡಿಯಂಥ ಅಂಟು ಬೆರೆಸಿ, ಸಾಮಾನ್ಯವಾಗಿ 8ರಿಂದ 16 ಮಿಲಿಮೀಟರ್ ವ್ಯಾಸದ ಉಂಡೆ ಕಟ್ಟಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಲಾಗುತ್ತದೆ. ಕಣಗಳು ಪೂರ್ತಿ ಕರಗದೆ, ತಾಗಿದ ಕಡೆಯಲ್ಲಿ ಮಾತ್ರ ಬೆಸೆದು, ನಡುವೆ ಸಂದು ಉಳಿಯುವ ಈ ಕ್ರಿಯೆಯೇ ಸಿಂಟರಿಂಗ್. ಉಂಡೆ ಕುಲುಮೆಯ ಭಾರಕ್ಕೆ ಪುಡಿಯಾಗಬಾರದು. ಆದರೂ ಅದಿರಿನ ಆಮ್ಲಜನಕವನ್ನು ಸೆಳೆಯುವ ಅನಿಲ ಒಳಗೆ ಹೋಗಲು ಅದರಲ್ಲಿ ರಂಧ್ರವಿರಬೇಕು. ರಂಧ್ರಗಳಿಗೆ ಒತ್ತಡದಿಂದ ಪಾದರಸ ನುಗ್ಗಿಸಿ ಅವುಗಳ ಅಗಲ ಅಳೆಯುವ ವಿಧಾನ ಪೆಲೆಟ್ಟಿಗೂ ಮೂಳೆಯ ಸೆರಾಮಿಕ್ಕಿಗೂ ಸಮಾನವಾಗಿದೆ.

ಕಂಪ್ಲಿ ಭಾಗದ ಭತ್ತದ ಬೆಳೆಯೂ ಈ ವಿಚಾರಕ್ಕೆ ಹೊರತಲ್ಲ. ಸೆರಾಮಿಕ್ ಪುಡಿಗೆ ಭತ್ತದ ಹೊಟ್ಟು, ಪಿಷ್ಟದಂಥ ಸುಟ್ಟುಹೋಗುವ ಪದಾರ್ಥ ಬೆರೆಸಿ ಬೇಯಿಸಿದರೆ ಅದು ಉರಿದುಹೋದ ಜಾಗದಲ್ಲಿ ರಂಧ್ರ ಉಳಿಯುತ್ತದೆ. ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾ ಆಗಿದ್ದು, ಅದರಿಂದ ಮೂಳೆಯೊಂದಿಗೆ ಬೆಸೆಯುವ ಗಾಜನ್ನು ತಯಾರಿಸುವ ಪ್ರಯತ್ನಗಳೂ ನಡೆದಿವೆ. ಆದರೆ ದೇಹದೊಳಗೆ ಇರಿಸುವ ವಸ್ತುವಿನ ಶುದ್ಧತೆ ಬೇರೆಯೇ ದರ್ಜೆಯದು. ಪ್ರಯೋಗಾಲಯದ ತುಣುಕು ಕೋಶ, ಪ್ರಾಣಿ ಮತ್ತು ಮಾನವ ಪರೀಕ್ಷೆಗಳನ್ನು ದಾಟಿ, 2017ರ ವೈದ್ಯಕೀಯ ಸಾಧನಗಳ ನಿಯಮಗಳಿಗೆ ಒಳಪಟ್ಟೇ ರೋಗಿಯನ್ನು ತಲುಪಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಗಳಲ್ಲಿ ಜೈವಿಕ ಸೆರಾಮಿಕ್‌ಗಳ ಸಂಶೋಧನೆ ನಡೆದು ಬಂದಿದೆ. ಈ ಸೀಮೆಯ ಯುವಜನರಿಗೆ ಆ ಮಾರ್ಗ ದೂರದ್ದಲ್ಲ.

ಅದಿರಿನ ಉಂಡೆಯನ್ನು ಪರೀಕ್ಷಿಸುವ ಎಂಜಿನಿಯರನೂ ಮುರಿದ ಕಾಲನ್ನು ಕೂಡಿಸುವ ವೈದ್ಯನೂ ಒಂದೇ ಮೇಜಿನ ಸುತ್ತ ಕುಳಿತು ಮಾತನಾಡುವ ವ್ಯವಸ್ಥೆ ಇಲ್ಲಿ ರೂಪುಗೊಳ್ಳಬೇಕು. ಆ ಮಾತುಕತೆ ಕನ್ನಡದಲ್ಲಿಯೂ ನಡೆಯಬೇಕು, ಏಕೆಂದರೆ ತನ್ನ ಮೂಳೆಯೊಳಗೆ ಏನನ್ನು ಇಡಲಾಗುತ್ತಿದೆ ಎಂಬುದನ್ನು ತನ್ನ ನುಡಿಯಲ್ಲಿ ತಿಳಿದುಕೊಂಡು ಒಪ್ಪಿಗೆ ಕೊಡುವುದು ಗಣಿ ಕಾರ್ಮಿಕನ ಹಾಗೂ ಗದ್ದೆಯ ರೈತ ಮಹಿಳೆಯ ಹಕ್ಕಾಗಿದೆ. ಭೂವಿಜ್ಞಾನ, ಲೋಹವಿದ್ಯೆ, ರಸಾಯನಶಾಸ್ತ್ರ, ವೈದ್ಯಕೀಯ, ಭಾಷಾಶಾಸ್ತ್ರಗಳಲ್ಲಿ ಪದವಿ ಪಡೆದು ಹೊರಡುತ್ತಿರುವವರು ತಮ್ಮ ವಿಷಯದ ಗೋಡೆಗಳನ್ನು ದಾಟಿ ಈ ಕೆಲಸಕ್ಕೆ ಕೈಜೋಡಿಸಲಿ. ಈ ನೆಲದ ಬೆಂಕಿಯ ವಿದ್ಯೆ ಇಲ್ಲಿನ ಜನರ ನೋವನ್ನು ಕಡಿಮೆ ಮಾಡುವಂತಾಗಲಿ.