ಹೇರ್‌ಪಿನ್ ತಿರುವು



ಸತ್ಯಮಂಗಲದಿಂದ ತಾಳವಾಡಿಗೆ ಬರುವ ಬಸ್ಸಿನಲ್ಲಿ ಒಮ್ಮೆ ಪಕ್ಕದಲ್ಲಿದ್ದ ಅಜ್ಜಿ ಕೇಳಿದರು: “ಅದೇನಪ್ಪ, ಕಂಡಕ್ಟರು ಹೇರ್‌ಪಿನ್ನು ಹೇರ್‌ಪಿನ್ನು ಅಂತಾನೆ? ಯಾರ ತಲೆ ಪಿನ್ನು ಬಿದ್ದೋಯ್ತು?” ಸುತ್ತಲಿದ್ದವರೆಲ್ಲ ನಕ್ಕರು. ಆದರೆ ಅಜ್ಜಿ ಅರ್ಧ ಅರ್ಥ ಹೇಳಿಯೇ ಬಿಟ್ಟಿದ್ದರು.

ತುರುಬಿಗೆ ಸಿಕ್ಕಿಸುವ ತಂತಿ ಪಿನ್ನನ್ನು ಒಮ್ಮೆ ನೋಡಿ. ಎರಡು ಕಾಲು ಅಕ್ಕಪಕ್ಕ, ಅವನ್ನು ಕೂಡಿಸುವ ಒಂದು ಬಾಗು. ಬೆಟ್ಟದ ರಸ್ತೆಯೂ ಹೀಗೆಯೇ ಹೋಗಿ, ಗಕ್ಕನೆ ತಿರುಗಿ, ಬಂದ ದಿಕ್ಕಿಗೇ ಮುಖಮಾಡುತ್ತದೆ. ಆದರೆ ಒಂದು ಮೆಟ್ಟಿಲು ಮೇಲೆ. ಅದು ಹೇರ್‌ಪಿನ್. ಊರ ಮುಂದಿನ ಕಡಿದಾದ ತಿರುವನ್ನೆಲ್ಲ ಹಾಗೆ ಕರೆಯುವುದು ಸರಿಯಲ್ಲ. ಯೂ-ಟರ್ನ್ ಬೇರೆ, ಅದು ಚಾಲಕ ಮಾಡುವ ಕೆಲಸ. ಜಿಗ್‌ಜಾಗ್ ಎಂದರೆ ಎಡಕ್ಕೂ ಬಲಕ್ಕೂ ಮುರಿಯುತ್ತ ಹೋಗುವ ಇಡೀ ದಾರಿ.

ತಮಿಳಿನವರು ಇದನ್ನು ‘ಕೊಂಡೈ ಊಸಿ ವಳೈವು’ ಎಂದು ತಮ್ಮದಾಗಿಸಿಕೊಂಡಿದ್ದಾರೆ. ಕೊಂಡೈ ಎಂದರೆ ತುರುಬು, ಊಸಿ ಎಂದರೆ ಸೂಜಿ. ವಳೈವು ನಮಗೆ ಪರಕೀಯವಲ್ಲ. ಕೈಯ ಬಳೆ ಅದರ ನಂಟೇ. ವಯನಾಡಿನವರ ‘ವಳವ್’ ಕೂಡ ಅದೇ ಮನೆಯದು. ನಾವೂ ‘ತುರುಬುಸೂಜಿ ತಿರುವು’ ಎನ್ನಬಹುದು. ನನಗಂತೂ ಹೇರ್‌ಪಿನ್ನೇ ಸಾಕು, ಲಾರಿಯವನಿಗೆ ಅರ್ಥವಾಗುವ ಮಾತೇ ಘಾಟಿನಲ್ಲಿ ಒಳ್ಳೆಯ ಮಾತು.

ಇಷ್ಟು ಸುತ್ತು ಏಕೆ? ನೇರ ಹತ್ತಿಸಿದರೆ ತುಂಬಿದ ಗಾಡಿ ಏರದು, ಇಳಿಯುವಾಗ ಬ್ರೇಕು ಹಿಡಿಯದು. ದಾರಿಯನ್ನು ಉದ್ದಮಾಡಿ ಏರನ್ನು ಸೌಮ್ಯ ಮಾಡುತ್ತಾರೆ. ಹೀಗೆ ಬಣ್ಣಾರಿಯಿಂದ ದಿಂಬಂಗೆ 27 ಹೇರ್‌ಪಿನ್, ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ದಾರಿಯಲ್ಲಿ 36, ವಯನಾಡಿನ ತಾಮರಶ್ಶೇರಿ ಚುರದಲ್ಲಿ 9.

ಉದ್ದನೆಯ ಲಾರಿ ತಿರುಗುವಾಗ ಅದರ ಹಿಂದಿನ ಚಕ್ರ ಒಳಗಿನ ಅಂಚನ್ನು ಉಜ್ಜಿಕೊಂಡು ಬರುತ್ತದೆ. ಅದಕ್ಕೇ ಅವನು ಹೊರಗೆ ಅಗಲಕ್ಕೆ ತಿರುಗಿಸುತ್ತಾನೆ. ಜಾಗ ಬಿಟ್ಟನೆಂದು ಬೈಕಿನಲ್ಲಿ ಒಳಗೆ ನುಗ್ಗಬೇಡಿ. ದಾರಿ ಕಿರಿದಾದಲ್ಲಿ ಇಳಿಯುವವರು ನಿಂತು ಏರುವವರಿಗೆ ದಾರಿ ಬಿಡಬೇಕು, ಇದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ಏರುವ ಗೇರಿನಲ್ಲೇ ಇಳಿಯಿರಿ ಎಂದು ಹಳೆಯ ಚಾಲಕರು ಹೇಳುವುದೂ ಸುಮ್ಮನಲ್ಲ.

ಇನ್ನೊಂದು ಮಾತು. ದಿಂಬಂ ಘಾಟಿನಲ್ಲಿ ಮದರಾಸು ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಕತ್ತಲಾದ ಮೇಲೆ ಹಿಂದೆ ಬರುವ ಗಾಡಿಯನ್ನು ನಂಬಿ ಕೂರುವಂತಿಲ್ಲ. ಅವಘಡವಾಗಿ 108ಕ್ಕೆ ಫೋನ್ ಮಾಡಿದರೆ “ಘಾಟಿನಲ್ಲಿದ್ದೇವೆ” ಎಂದರೆ ಸಾಲದು, ಎಷ್ಟನೆಯ ಹೇರ್‌ಪಿನ್ ಎಂದು ಹೇಳಬೇಕು. ಅದನ್ನೂ ಬಾಯಲ್ಲಿ ಎಣಿಸಿ ಹೇಳಬೇಡಿ. ಕೆಳಗಿನಿಂದ ಮೂರನೆಯದು ಮೇಲಿನಿಂದ ಇಪ್ಪತ್ತೈದನೆಯದು! ತಿರುವಿನ ಬೋರ್ಡಿನಲ್ಲಿರುವ ಸಂಖ್ಯೆಯನ್ನೇ ಓದಿ. ಬರೆಹ ತಮಿಳಿನಲ್ಲಿದ್ದರೂ ಅಂಕಿ ಎಲ್ಲರಿಗೂ ಒಂದೇ.