ವಿಹಾರನಗರಿಯ ನೀರಿನ ದಾರಿ

(ಬಳಗದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪರಿಸರ ಚಳವಳಿಯ ಸಭೆಯಲ್ಲಿ ಅಮೆರಿಕದ ವಿಹಾರನಗರಿಯೊಂದರ ಹೋಟೆಲಿನ ವಿಷಯವೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನಮ್ಮ ಕಾಫಿ, ಅಡಿಕೆ ತೋಟಗಳ ನಡುವೆ ರೆಸಾರ್ಟು ಕಟ್ಟಲು ಅನುಮತಿ ಕೋರುವ ಅರ್ಜಿಗಳು ಒಂದರ ಹಿಂದೊಂದರಂತೆ ಪಂಚಾಯಿತಿಯ ಮೇಜಿಗೆ ಬರುತ್ತಿವೆ. ಬೇಕು ಎನ್ನುವವರಿಗೂ ಬೇಡ ಎನ್ನುವವರಿಗೂ ಊರಿನಲ್ಲಿ ಕೊರತೆಯಿಲ್ಲ. ಆದರೆ ಇಂತಹ ತಾಣವೊಂದು ಒಳಗಿನಿಂದ ಹೇಗೆ ನಡೆಯುತ್ತದೆ, ಅದರ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ವಿರಳ. ಈ ಕುತೂಹಲವನ್ನು ತಣಿಸಿಕೊಳ್ಳುವ ಅವಕಾಶವೊಂದು ನನಗೆ ಅನಿರೀಕ್ಷಿತವಾಗಿ ದೊರೆಯಿತು. ಅದನ್ನು ನಿಮ್ಮ ಮುಂದಿಡುತ್ತೇನೆ.

2019ರ ಮೇ ತಿಂಗಳಿನಲ್ಲಿ, ಅಮೆರಿಕದಲ್ಲಿ ನೆಲೆಸಿರುವ ನನ್ನ ಅಣ್ಣನ ಒತ್ತಾಯಕ್ಕೆ ಮಣಿದು, ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೋ ನಗರದ ಸಮೀಪದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗಿದ್ದೆವು. ಅಮ್ಮ, ಅಣ್ಣ, ಅತ್ತಿಗೆ, ನಾವಿಬ್ಬರು, ಎರಡೂ ಮನೆಯ ನಾಲ್ವರು ಮಕ್ಕಳು, ಒಟ್ಟು ಒಂಬತ್ತು ಜನ. ತಂಗಿದ್ದು ಅದರೊಳಗೇ ಇರುವ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ಹೋಟೆಲಿನಲ್ಲಿ. 2001ರಲ್ಲಿ ಆರಂಭವಾದ ಈ ಹೋಟೆಲು ಆಫ್ರಿಕದ ದನಗಾಹಿಗಳ ಹಟ್ಟಿಯನ್ನು ನೆನಪಿಸುವಂತೆ ಬಾಗಿದ ಆಕಾರದಲ್ಲಿದೆ. ಕೋಣೆಯ ಮೊಗಸಾಲೆಯಲ್ಲಿ ನಿಂತರೆ ಎದುರಿನ ಹುಲ್ಲುಗಾವಲಿನಲ್ಲಿ ಜಿರಾಫೆಗಳೂ ಜೀಬ್ರಾಗಳೂ ಮೇಯುತ್ತಿರುತ್ತವೆ. ಬೇಲಿ ಮಾತ್ರ ಎಲ್ಲಿಯೂ ಕಾಣಿಸದು. ನಮ್ಮಲ್ಲಿ ಆನೆ ತಡೆಯಲು ತೋಡುತ್ತೇವಲ್ಲ, ಅಂತಹ ಕಂದಕಗಳನ್ನು ಗಿಡಗಂಟಿಗಳ ಮರೆಯಲ್ಲಿ ಅಡಗಿಸಿಟ್ಟಿದ್ದಾರೆ. ಅಮ್ಮ ಮೊದಲ ದಿನ ಮುಂಜಾನೆ ಇದನ್ನು ನೋಡಿ, "ನಮ್ಮಲ್ಲಿ ತೋಟಕ್ಕೆ ಆನೆ ಬಂದ್ರೆ ಪಟಾಕಿ ಹೊಡೀತೀವಿ, ಇಲ್ಲಿ ದುಡ್ಡು ಕೊಟ್ಟು ಕಾದು ನೋಡ್ತೀವಲ್ಲೋ" ಎಂದರು. ಅಣ್ಣನಿಗೆ ನಗಬೇಕೋ ಬಿಲ್ಲನ್ನು ನೆನೆದು ಅಳಬೇಕೋ ತಿಳಿಯಲಿಲ್ಲ.

ಸೌಕರ್ಯದ ವಿಷಯದಲ್ಲಿ ನಾನು ಕೊಂಕು ನುಡಿಯಲಾರೆ. ಕೈಗೆ ಕಟ್ಟಿದ ಪಟ್ಟಿಯೇ ಕೋಣೆಯ ಬೀಗದಕೈ, ಅದೇ ಪ್ರವೇಶಪತ್ರ. ಉದ್ಯಾನಗಳಿಗೆ ಹೋಗಲು ಹೋಟೆಲಿನ ಬಾಗಿಲಿನಿಂದಲೇ ಬಸ್ಸು. ಶಾಕಾಹಾರಿಯಾದ ಅಮ್ಮನಿಗೆ ಊಟದ್ದೇ ಚಿಂತೆಯಾಗಿತ್ತು. ಆದರೆ ಅಲ್ಲಿನ ಸನಾ ಎಂಬ ಭೋಜನಶಾಲೆಯಲ್ಲಿ ಆಫ್ರಿಕದ ಅಡುಗೆಯ ಜೊತೆಗೆ ಭಾರತದ ಮಸಾಲೆಯೂ ಸೇರಿರುತ್ತದೆ; ನಾನ್ ರೊಟ್ಟಿಯೂ ಬಗೆಬಗೆಯ ಚಟ್ನಿಗಳೂ ಸಿಕ್ಕಿದವು. ಮಕ್ಕಳ ಸಂತೋಷವನ್ನಂತೂ ವರ್ಣಿಸಬೇಕಾಗಿಲ್ಲ. ಎವರೆಸ್ಟ್ ಹೆಸರಿನಲ್ಲಿ ಅಲ್ಲೊಂದು ಕೃತಕ ಪರ್ವತವನ್ನು ಕಟ್ಟಿ, ಅದರೊಳಗೆ ರೈಲು ಓಡಿಸುತ್ತಾರೆ. ಅದರ ಎತ್ತರ 200 ಅಡಿಗಿಂತ ಒಂದು ಕೂದಲೆಳೆ ಕಡಿಮೆ. ಇಡೀ ಫ್ಲಾರಿಡಾದ ಅತ್ಯುನ್ನತ ಸ್ವಾಭಾವಿಕ ದಿಣ್ಣೆಯೇ 345 ಅಡಿ ಎಂದಮೇಲೆ, ಆ ಜನ ಪರ್ವತವನ್ನು ಸಿಮೆಂಟಿನಲ್ಲಿ ಕಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ನಿಜವಾದ ಗುಡ್ಡಗಳುಳ್ಳ ನಾವು ಅವುಗಳನ್ನು ಜೆಸಿಬಿಯಿಂದ ಕೆರೆದು ಸಪಾಟು ಮಾಡುತ್ತಿದ್ದೇವೆ.

ಇನ್ನು ನೆಲದ ವಿಷಯಕ್ಕೆ ಬರೋಣ.

ಆ ಪ್ರದೇಶ ಮೂಲತಃ ಜೌಗುಭೂಮಿ. ಮರಳುಮಣ್ಣು, ಕೆಲವು ಅಡಿ ತೋಡಿದರೆ ನೀರು. ಇಂದು ಆರೆಂಜ್ ಎಂದು ಕರೆಯುವ ಅಲ್ಲಿನ ಜಿಲ್ಲೆಗೆ 1845ರವರೆಗೆ ಇದ್ದ ಹೆಸರು ಮಸ್ಕಿಟೋ, ಅಂದರೆ ಸೊಳ್ಳೆಗಳ ಜಿಲ್ಲೆ! ಇಂತಹ ನೆಲದಲ್ಲಿ 1960ರ ದಶಕದ ಮಧ್ಯಭಾಗದಲ್ಲಿ ವಾಲ್ಟ್ ಡಿಸ್ನಿಯವರ ಕಂಪನಿಯು ಬೇರೆ ಬೇರೆ ಹೆಸರಿನ ನಾಮಮಾತ್ರದ ಕಂಪನಿಗಳ ಮೂಲಕ, ಕೊಳ್ಳುವವರು ಯಾರೆಂಬ ಸುಳಿವನ್ನೂ ಕೊಡದೆ, 27,000 ಎಕರೆಗೂ ಹೆಚ್ಚು ಭೂಮಿಯನ್ನು ಖರೀದಿಸಿತು. ಎಕರೆಗೆ ಸರಾಸರಿ 200 ಡಾಲರಿಗಿಂತ ಕಡಿಮೆ ಬೆಲೆ. 1965ರ ಅಕ್ಟೋಬರಿನಲ್ಲಿ ಸ್ಥಳೀಯ ಪತ್ರಿಕೆಯೊಂದು ಗುಟ್ಟನ್ನು ಒಡೆಯಿತು. ಕೂಡಲೇ ಸುತ್ತಲಿನ ಭೂಮಿಯ ಬೆಲೆ ಗಗನಕ್ಕೇರಿತು. ಆ ವೇಳೆಗಾಗಲೇ ಮಾರಿಬಿಟ್ಟಿದ್ದ ರೈತರ ಮನಸ್ಸು ಹೇಗಿದ್ದಿರಬಹುದೆಂದು, ಬೇನಾಮಿ ಖರೀದಿಗಳನ್ನು ಕಂಡಿರುವ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕಿಂತಲೂ ಗಮನಾರ್ಹವಾದದ್ದು 1967ರ ಕಾನೂನು. ಫ್ಲಾರಿಡಾದ ಶಾಸನಸಭೆ ಈ ಭೂಮಿಗೆಂದೇ ರೀಡಿ ಕ್ರೀಕ್ ಅಭಿವೃದ್ಧಿ ಜಿಲ್ಲೆ ಎಂಬ ಪ್ರತ್ಯೇಕ ಆಡಳಿತವನ್ನು ರಚಿಸಿತು. ಕಟ್ಟಡದ ನಿಯಮ, ಚರಂಡಿ, ರಸ್ತೆ, ವಿದ್ಯುತ್ತು, ಅಗ್ನಿಶಾಮಕ ಎಲ್ಲವೂ ಅದರ ಕೈಗೆ ಬಂದವು. ಪರಮಾಣು ವಿದ್ಯುತ್ ಸ್ಥಾವರವನ್ನು ಕಟ್ಟುವ ಅಧಿಕಾರವೂ ಸೇರಿತ್ತು. ಅದರ ಮಂಡಳಿಯ ಚುನಾವಣೆಯಲ್ಲಿ ತಲೆಗೊಂದು ಮತವಲ್ಲ, ಎಕರೆಗೊಂದು ಮತ. ಅತಿ ಹೆಚ್ಚು ಎಕರೆ ಯಾರದೆಂದು ಹೇಳಬೇಕೆ? ಈ ವ್ಯವಸ್ಥೆ ಐದು ದಶಕಗಳಿಗೂ ಮೀರಿ ನಡೆಯಿತು. 2023ರಲ್ಲಿ ರಾಜ್ಯ ಸರ್ಕಾರವು ಕಂಪನಿಯೊಡನೆ ನಡೆದ ರಾಜಕೀಯ ಜಗಳದ ನಡುವೆ ಅದರ ಹೆಸರನ್ನು ಬದಲಿಸಿ, ಮಂಡಳಿಯ ಸದಸ್ಯರನ್ನು ರಾಜ್ಯಪಾಲರೇ ನೇಮಿಸುವಂತೆ ಮಾಡಿತು. ಅಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯಂತೆ ಚುನಾಯಿತರಾದವರು. ಕಂಪನಿಯೊಂದು ತನ್ನ ಪಂಚಾಯಿತಿಯನ್ನು ತಾನೇ ಆಗಿಬಿಡುವುದನ್ನು ನಾನು ಎಷ್ಟು ಮಾತ್ರವೂ ಒಪ್ಪಲಾರೆ. ಆದರೆ ಆ ಅಧಿಕಾರದಿಂದ ಅವರು ಮೊಟ್ಟಮೊದಲು ಮಾಡಿದ ಕೆಲಸವೇನು ಎಂಬುದನ್ನು ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ಗಮನಿಸದಿರಲೂ ಆರೆ.

ಅವರು ಮೊದಲು ಕಟ್ಟಿದ್ದು ಕೋಟೆಯನ್ನೂ ಅಲ್ಲ, ಹೋಟೆಲನ್ನೂ ಅಲ್ಲ, ಕಾಲುವೆಗಳನ್ನು. ಪನಾಮ ಕಾಲುವೆ ವಲಯದ ಆಡಳಿತಾಧಿಕಾರಿಯಾಗಿದ್ದ ಜೋ ಪಾಟರ್ ಎಂಬ ನಿವೃತ್ತ ಸೇನಾ ಇಂಜಿನಿಯರರನ್ನು ಕರೆತಂದು, 50 ಮೈಲಿಗೂ ಹೆಚ್ಚು ಉದ್ದದ ಕಾಲುವೆ ಮತ್ತು ಏರಿಗಳನ್ನು ನಿರ್ಮಿಸಿದರು. ಹೊಳೆಯಂತೆ ಕಾಣಲೆಂದು ಕಾಲುವೆಗಳನ್ನು ನೇರವಾಗಿ ತೋಡದೆ ಬಳುಕಿಸಿದರು. ನೀರಿನ ಮಟ್ಟ ಏರಿದಾಗ ತೇಲುಬುರುಡೆಯ ಬಲದಿಂದ ತಾವೇ ತೆರೆದುಕೊಂಡು, ಇಳಿದಾಗ ತಾವೇ ಮುಚ್ಚಿಕೊಳ್ಳುವ ತೂಬುಗಳನ್ನು ಅಳವಡಿಸಿದರು, ವಿದ್ಯುತ್ತಿನ ಹಂಗಿಲ್ಲ. ಜೌಗನ್ನು ಪೂರ್ತಿ ಒಣಗಿಸಿದರೆ ಮರಗಳು ಸಾಯುತ್ತವೆ, ಬೆಂಕಿ ಬೀಳುತ್ತದೆ. ಒಣಗಿಸದಿದ್ದರೆ ಕಟ್ಟಡ ನಿಲ್ಲದು. ಇವೆರಡರ ನಡುವಿನ ಮಟ್ಟದಲ್ಲಿ ನೀರನ್ನು ಹಿಡಿದಿಡುವುದೇ ಅಲ್ಲಿನ ಇಂಜಿನಿಯರಿಂಗ್.

ಮುಖ್ಯ ಉದ್ಯಾನದ ಮುಂದೆ ಸುಮಾರು 170 ಎಕರೆಯ ಕೃತಕ ಸರೋವರವಿದೆ. ಅದನ್ನು ತೋಡಿದಾಗ ಬಂದ ಮಣ್ಣಿನಿಂದಲೇ ಉದ್ಯಾನದ ನೆಲವನ್ನು ಎತ್ತರಿಸಿದರು. ಅಂತರ್ಜಲದ ಮಟ್ಟ ಮೇಲೆಯೇ ಇರುವುದರಿಂದ ನೆಲಮಾಳಿಗೆ ತೋಡುವಂತಿರಲಿಲ್ಲ. ಆದುದರಿಂದ ಮೂಲ ನೆಲದ ಮೇಲೆ ಸುರಂಗಗಳನ್ನು ಕಟ್ಟಿ, ಅವುಗಳ ಮೇಲೆ ಮಣ್ಣು ತುಂಬಿ, ಉದ್ಯಾನವನ್ನು ಮಹಡಿಯಂತೆ ನಿಲ್ಲಿಸಿದರು. ಜನರು ಮಿಕ್ಕಿಯ ಕೈಕುಲುಕುತ್ತಿರುವಾಗ ಅವರ ಕಾಲಡಿಯಲ್ಲಿ ನೌಕರರು ಓಡಾಡುತ್ತಿರುತ್ತಾರೆ, ಕಸವು ಕೊಳವೆಗಳೊಳಗೆ ಗಾಳಿಯ ಸೆಳೆತದಿಂದ ಹಾರಿಹೋಗುತ್ತಿರುತ್ತದೆ. ಹೋಟೆಲು, ಉದ್ಯಾನಗಳಿಂದ ಹೊರಬೀಳುವ ಬಳಸಿದ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿಂದ ಗಾಲ್ಫ್ ಮೈದಾನ, ಹುಲ್ಲುಹಾಸುಗಳಿಗೆ ಹರಿಯುತ್ತದೆ, ಉಳಿದದ್ದು ಮರಳಿನ ಇಂಗುಗುಂಡಿಗಳ ಮೂಲಕ ಭೂಮಿಯೊಳಕ್ಕೆ. ನಮ್ಮ ಹೋಟೆಲಿನ ಎದುರು ಹಸಿರಾಗಿದ್ದ ಬಯಲಿಗೆ ನಾವು ಮಿಂದ ನೀರೂ ಸೇರುತ್ತಿದ್ದಿರಬಹುದೆಂದು ನಾನು ಹೇಳಿದಾಗ ಅತ್ತಿಗೆ ಮುಖ ಸಿಂಡರಿಸಿದರು, ಮಕ್ಕಳಿಗೆ ಮಾತ್ರ ಬಹಳ ಹಿಡಿಸಿತು.

ಆದರೆ ಬೇಲಿಯೊಳಗೆ ಇಷ್ಟು ಅಚ್ಚುಕಟ್ಟಾಗಿರುವ ನೀರು ಬೇಲಿ ದಾಟಿದ ಮೇಲೆ ಏನಾಗುತ್ತದೆ? ಆ ನೆಲದ ನೀರನ್ನು ಒಯ್ಯುವ ರೀಡಿ ಕ್ರೀಕ್ ಎಂಬ ಹಳ್ಳ ದಕ್ಷಿಣಕ್ಕೆ ಹರಿದು, ಕಿಸ್ಸಿಮ್ಮಿ ನದಿಯ ಸರೋವರಗಳನ್ನು ಸೇರುತ್ತದೆ. ಅಲ್ಲಿಂದ ಓಕಿಚೋಬಿ ಸರೋವರ, ಮುಂದೆ ಜಗತ್ಪ್ರಸಿದ್ಧವಾದ ಎವರ್‌ಗ್ಲೇಡ್ಸ್ ಜೌಗು. ವಿಹಾರನಗರಿ ನಿಂತಿರುವುದು ಒಂದು ಮಹಾ ಜಲಾನಯನದ ನೆತ್ತಿಯ ಮೇಲೆ, ನಾವು ಕಾವೇರಿ, ತುಂಗಭದ್ರೆಯರ ನೆತ್ತಿಯ ಮೇಲೆ ಕುಳಿತಿರುವಂತೆ. 1990ರ ದಶಕದ ಆರಂಭದಲ್ಲಿ ಕಂಪನಿ ಮುಂದಿನ 20 ವರ್ಷಗಳ ವಿಸ್ತರಣೆಗಾಗಿ ಮತ್ತಷ್ಟು ಜೌಗನ್ನು ತುಂಬಲು ಅನುಮತಿ ಕೇಳಿತು. ತುಂಬಿದ ಪ್ರತಿ ತುಂಡಿಗೂ ಪಕ್ಕದಲ್ಲೇ ಒಂದು ಸಣ್ಣ ಕೃತಕ ಹೊಂಡ ತೋಡುವ ಬದಲು, ಕೆಳಭಾಗದಲ್ಲಿ ಮಾರಾಟಕ್ಕಿದ್ದ ಸುಮಾರು 8,500 ಎಕರೆಯ ದನದ ಫಾರ್ಮೊಂದನ್ನು ಕೊಂಡು ನೇಚರ್ ಕನ್ಸರ್ವೆನ್ಸಿ ಸಂಸ್ಥೆಗೆ ಒಪ್ಪಿಸುವುದೆಂದು ತೀರ್ಮಾನವಾಯಿತು. ಅಲ್ಲಿ ಹಿಂದಿನವರು ಜೌಗನ್ನು ಬಸಿಯಲು ತೋಡಿದ್ದ ಚರಂಡಿಗಳನ್ನು ಮುಚ್ಚಿದ ಮೇಲೆ ಜೌಗು ಮರಳಿ ಬಂದಿತು. ಇದನ್ನು ದೊಡ್ಡ ಔದಾರ್ಯವೆಂದು ನಾನು ಬಣ್ಣಿಸುವುದಿಲ್ಲ. ಕಾನೂನು ಇತ್ತು, ಅದನ್ನು ಪಾಲಿಸದೆ ಅನುಮತಿ ದೊರೆಯುತ್ತಿರಲಿಲ್ಲ.

ಇದೇ ನದಿಯ ಇನ್ನೊಂದು ಕಥೆಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಸುತ್ತಿ ಸುಳಿದು 103 ಮೈಲಿ ಹರಿಯುತ್ತಿದ್ದ ಕಿಸ್ಸಿಮ್ಮಿ ನದಿಯನ್ನು ಪ್ರವಾಹ ತಡೆಯುವ ಉದ್ದೇಶದಿಂದ ಸೇನೆಯ ಇಂಜಿನಿಯರುಗಳು 1962ರಿಂದ 1971ರವರೆಗೆ ಅಗೆದು, 56 ಮೈಲಿಯ ನೇರ ಕಾಲುವೆಯಾಗಿಸಿದರು. ದಡದ ಜೌಗು ಒಣಗಿತು, ನೀರುಹಕ್ಕಿಗಳು ಹೋದವು, ಗೊಬ್ಬರ ಮತ್ತು ಸಗಣಿಯ ಸಾರ ಸೋಸಿಹೋಗದೆ ನೇರವಾಗಿ ಸರೋವರಕ್ಕೆ ಇಳಿಯಿತು. ಕೊನೆಗೆ 1999ರಲ್ಲಿ ಅದೇ ಕಾಲುವೆಯ ಒಂದು ಭಾಗವನ್ನು ಮುಚ್ಚಿ ಹಳೆಯ ತಿರುವುಗಳಿಗೆ ನೀರು ಬಿಡುವ ಕೆಲಸ ಆರಂಭವಾಗಿ, 2021ರಲ್ಲಿ ಮುಗಿಯಿತು. ನೇರ ಮಾಡಲು ಒಂಬತ್ತು ವರ್ಷ, ಅದರ ಒಂದು ಭಾಗವನ್ನು ಮಾತ್ರ ಮತ್ತೆ ಬಳುಕಿಸಲು ಇಪ್ಪತ್ತೆರಡು ವರ್ಷ.

ಕಿತ್ತಳೆಯ ಹೆಸರು ಹೊತ್ತ ಆ ಜಿಲ್ಲೆಯಲ್ಲಿ ಕಿತ್ತಳೆ ತೋಟಗಳನ್ನು ನೋಡಬೇಕೆಂದು ನನಗೆ ಆಸೆಯಿತ್ತು. ನಾವು ಓಡಾಡಿದ ದಾರಿಯಲ್ಲಿ ಕಂಡದ್ದು ಬಡಾವಣೆಗಳು ಮಾತ್ರ. 1980ರ ದಶಕದ ಹೆಪ್ಪುಗಟ್ಟಿಸುವ ಚಳಿಗೆ ತೋಟಗಳು ಸುಟ್ಟುಹೋದಾಗ, ಮರಳಿ ನೆಡುವುದಕ್ಕಿಂತ ನಿವೇಶನ ಮಾಡಿ ಮಾರುವುದೇ ಲಾಭವೆಂದು ಅನೇಕ ಬೆಳೆಗಾರರು ಕಂಡುಕೊಂಡರು. ಪ್ರವಾಸೋದ್ಯಮ ಭೂಮಿಗೆ ಅಂತಹ ಬೆಲೆ ತಂದಿತ್ತು. ಆಮೇಲೆ 2005ರಲ್ಲಿ ಗ್ರೀನಿಂಗ್ ರೋಗ ಕಾಣಿಸಿಕೊಂಡಿತು. ಕೊಡಗಿನ ಕಿತ್ತಳೆಯನ್ನು ಕಳೆದುಕೊಂಡ ನಮಗೆ ಅದರ ಪರಿಚಯ ಬೇಕಿಲ್ಲ. 2003-04ರಲ್ಲಿ ಇಡೀ ರಾಜ್ಯದಲ್ಲಿ 24 ಕೋಟಿ ಪೆಟ್ಟಿಗೆಯಷ್ಟಿದ್ದ ಕಿತ್ತಳೆ ಫಸಲು, ರೋಗದ ಮೇಲೆ ಚಂಡಮಾರುತವೂ ಎರಗಿದ 2022-23ರಲ್ಲಿ 1.6 ಕೋಟಿಗೆ ಇಳಿಯಿತು. ವಿಹಾರನಗರಿಯೊಳಗಿನ ಗಾಜಿನಮನೆಯಲ್ಲಿ ಮಣ್ಣಿಲ್ಲದೆ, ಗಾಳಿಯಲ್ಲಿ ಬೇರು ಬಿಟ್ಟು ತರಕಾರಿ ಬೆಳೆಯುವುದನ್ನು ದೋಣಿಯಲ್ಲಿ ಕೂರಿಸಿ ತೋರಿಸುತ್ತಾರೆ. ಬೆಳೆ ಸೊಗಸಾಗಿದೆ, ಒಪ್ಪುತ್ತೇನೆ.

ಈಗ ನಮ್ಮ ಊರಿಗೆ ಬರೋಣ. ಅಲ್ಲಿ ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ, ನೆಲ ಚಪ್ಪಟೆ, ನೀರು ನಿಧಾನಿ. ನಮ್ಮಲ್ಲಿ ಅದರ ಎರಡು ಮೂರು ಪಟ್ಟು ಮಳೆ ನಾಲ್ಕೇ ತಿಂಗಳಲ್ಲಿ ಸುರಿದು, ಇಳಿಜಾರಿನಲ್ಲಿ ಓಡಿಹೋಗುತ್ತದೆ. ಅಲ್ಲಿ ತಪ್ಪಿದರೆ ನೀರು ನಿಲ್ಲುತ್ತದೆ. ಇಲ್ಲಿ ತಪ್ಪಿದರೆ ದರೆ ಕುಸಿಯುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಏನಾಯಿತೆಂಬುದು ನಿಮಗೆ ಗೊತ್ತಿದೆ. ಇನ್ನು ನಮ್ಮ ರೆಸಾರ್ಟುಗಳು ತುಂಬುವುದು ಯಾವಾಗ? ಶಾಲೆಗಳಿಗೆ ರಜೆ ಇರುವ ಏಪ್ರಿಲ್, ಮೇ ತಿಂಗಳಲ್ಲಿ. ಅದೇ ಹೊತ್ತಿಗೆ ಹಳ್ಳದ ಒರತೆ ಬೆರಳು ಗಾತ್ರಕ್ಕೆ ಇಳಿದಿರುತ್ತದೆ. ಕಟ್ಟಡವನ್ನು ನೋಟ ಚೆನ್ನಾಗಿರಲೆಂದು ಗುಡ್ಡದ ನೆತ್ತಿಯಲ್ಲಿ ಕಟ್ಟುತ್ತಾರೆ. ಶೌಚದ ಇಂಗುಗುಂಡಿ ಅದರ ಪಕ್ಕದಲ್ಲಿ. ಅದರ ಕೆಳಗೆ ನಮ್ಮ ಬಾವಿ, ನಮ್ಮ ಅಬ್ಬಿ ನೀರು.

ಲೆಕ್ಕ ಸರಳವಾಗಿದೆ. ನಮ್ಮ ದೇಶದ ಮಾನಕದ ಪ್ರಕಾರ ಸಾಧಾರಣ ಹೋಟೆಲಿನ ಅತಿಥಿಯೊಬ್ಬರಿಗೆ ದಿನಕ್ಕೆ 180 ಲೀಟರ್ ನೀರು, ಪಂಚತಾರಾ ಹೋಟೆಲಾದರೆ 320 ಲೀಟರ್. ಗ್ರಾಮೀಣ ನಲ್ಲಿ ಯೋಜನೆಯ ಲೆಕ್ಕದಲ್ಲಿ ಹಳ್ಳಿಯವರೊಬ್ಬರಿಗೆ 55 ಲೀಟರ್. 50 ಅತಿಥಿಗಳ ಪಂಚತಾರಾ ರೆಸಾರ್ಟಿಗೆ 16,000 ಲೀಟರ್ ಬೇಕು. 200 ಜನರ ಊರಿಗೆ ಸಾಕಾಗುವುದು 11,000. ಈಜುಕೊಳವನ್ನು ನಾನಿನ್ನೂ ಸೇರಿಸಿಲ್ಲ.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೆಲಸವನ್ನು ಕೋರುತ್ತೇನೆ. ಏಪ್ರಿಲ್ ತಿಂಗಳಲ್ಲಿ ನಿಮ್ಮ ನಿಮ್ಮ ಊರಿನ ಹಳ್ಳಕ್ಕೆ, ಯಾರೂ ಪಂಪು ಹಾಕುವ ಮುನ್ನ, ಬೆಳಿಗ್ಗೆ ಹೋಗಿ. ಕಲ್ಲು ಮಣ್ಣು ಒಟ್ಟಿ, ಪೂರ್ತಿ ಹರಿವು ಒಂದು ದಬ್ಬೆಯಿಂದಲೋ ಪೈಪಿನಿಂದಲೋ ಬೀಳುವಂತೆ ಮಾಡಿ. 20 ಲೀಟರಿನ ಬಕೆಟ್ಟು ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆಂದು ಮೂರು ಬಾರಿ ನೋಡಿ ಸರಾಸರಿ ತೆಗೆಯಿರಿ. 40 ಸೆಕೆಂಡಾದರೆ ಸೆಕೆಂಡಿಗೆ ಅರ್ಧ ಲೀಟರ್, ದಿನಕ್ಕೆ 43,200 ಲೀಟರ್. ಅದರಲ್ಲಿ ಊರಿಗೆಷ್ಟು, ದನಗಳಿಗೆಷ್ಟು, ತೋಟಕ್ಕೆಷ್ಟು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ದಿನಾಂಕ ಹಾಕಿ, ಇಬ್ಬರು ಸಹಿ ಮಾಡಿ, ಒಂದು ಪ್ರತಿಯನ್ನು ಬಳಗಕ್ಕೆ ಕಳುಹಿಸಿ. ಮುಂದಿನ ಗ್ರಾಮಸಭೆಯಲ್ಲಿ ರೆಸಾರ್ಟಿನ ಅರ್ಜಿ ಬಂದಾಗ ಆ ಹಾಳೆ ಮೇಜಿನ ಮೇಲಿರಲಿ. ಬೀಳುವ ನೀರನ್ನು ಅಳೆಯುವುದು ತಿಳಿಯದವರಿಗೆ ಸಭೆಯ ನಂತರ ಹಿಂದಿನ ಹಳ್ಳದಲ್ಲೇ ಮಾಡಿ ತೋರಿಸುತ್ತೇನೆ. ಬಕೆಟ್ಟನ್ನು ತಂದಿದ್ದೇನೆ.